ಬೆಣ್ಣೆ ಚೂರಿಯಿಂದ ಬಿಡಿಸಿದ ಪುಟಗಳು

ಆ ಪುಸ್ತಕದ ಪುಟ ಬಿಡಿಸಿದ್ದು ನಾನೇ. ತಪ್ಪನ್ನು ಮೊಮ್ಮಗಳ ಮೇಲೆ ಹಾಕಬಹುದಿತ್ತು. ಏಳು ವರ್ಷದ ಮಗುವನ್ನು ಯಾರೂ ಹೆಚ್ಚು ಬೈಯುವುದಿಲ್ಲ. ಹಾಕಲಿಲ್ಲ. ಬೆಣ್ಣೆ ಹಚ್ಚುವ ಚೂರಿ ಹಿಡಿದದ್ದು ನನ್ನ ಕೈ, ಅದನ್ನು ಮಡಿಕೆಯೊಳಗೆ ತೂರಿಸಿ ಎಳೆದದ್ದೂ ನನ್ನ ಕೈ.

ಇದು ತೊಂಬತ್ತನಾಲ್ಕನೆಯ ಇಸವಿಯ ಮಾತು. ಆಗ ನಾನು ಸ್ಯಾನ್ ಡಿಯಾಗೋ ಹತ್ತಿರದ ಪೊವೇಯಲ್ಲಿ, ಮಗಳ ಮನೆಯಲ್ಲಿದ್ದೆ. ಮಗಳು ಯೂನಿವರ್ಸಿಟಿಯಲ್ಲಿ ಥೀಸಿಸ್ ಬರೆಯುತ್ತಿದ್ದಳು. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಮಕ್ಕಳಿಗೆಂದು ಬರೆದ ಪುಸ್ತಕಗಳು ಮತ್ತು ಅವನ್ನು ಬರೆದವರು, ಅದು ಅವಳ ವಿಷಯ. ಅಳಿಯ ಧಾರವಾಡದ ಕಡೆಯವನು, ಪೊವೇಯ ಬಿಸಿನೆಸ್ ಪಾರ್ಕಿನ ಒಂದು ಕಂಪನಿಯಲ್ಲಿ ಇಂಜಿನಿಯರ್. ಮಗುವನ್ನು ನೋಡಿಕೊಳ್ಳಲು ಜನ ಬೇಕೆಂದು ನನ್ನನ್ನು ಮಂಗಳೂರಿನಿಂದ ಕರೆಸಿದ್ದರು.

ನನಗೆ ಆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಮನೆ ದೊಡ್ಡದು, ಕೆಲಸ ಸಣ್ಣದು. ಪಾತ್ರೆ ತೊಳೆಯಲು ಮಿಷನ್, ಬಟ್ಟೆ ಒಗೆಯಲು ಮಿಷನ್, ಒಣಗಿಸಲೂ ಮಿಷನ್. ಮೊಮ್ಮಗಳು ಶಾಲೆಯಿಂದ ಬರುವುದು ಮೂರು ಗಂಟೆಗೆ. ಅಲ್ಲಿಯವರೆಗೆ ನಾನು ಮೆಟ್ಟಿಲು ಹತ್ತುವುದು, ಇಳಿಯುವುದು, ಕಪಾಟು ತೆಗೆಯುವುದು, ಮುಚ್ಚುವುದು. ರಸ್ತೆಯ ತುದಿಯವರೆಗೆ ನಡೆದು ಹೋಗಿ ತಿರುಗಿ ಬರುವುದು. ದಾರಿಯಲ್ಲಿ ಒಂದು ನರಪಿಳ್ಳೆಯೂ ಸಿಗುತ್ತಿರಲಿಲ್ಲ. ಡ್ರೈವ್ ಮಾಡಲು ಬಾರದವಳಿಗೆ ಆ ಊರಿನಲ್ಲಿ ಕಾಲಿದ್ದೂ ಪ್ರಯೋಜನವಿಲ್ಲ. ಟಿವಿ ಹಾಕಿಕೊಟ್ಟರೆ ಐದು ನಿಮಿಷ ನೋಡಿ ಎದ್ದುಬಿಡುತ್ತಿದ್ದೆ. ಎರಡು ಸಲ ಕ್ಯಾಲಬಾಸಸ್ ಎನ್ನುವ ಊರಿನ ದೇವಸ್ಥಾನಕ್ಕೂ ಕರೆದುಕೊಂಡು ಹೋದರು. ಅಲ್ಲಿಯೂ ನಾನು ಪ್ರದಕ್ಷಿಣೆಯನ್ನೇ ಹಾಕುತ್ತಿದ್ದೆ, ಕೂರಬಾರದೆಂದು. ಕೂತರೆ ನನ್ನ ಬೆರಳು ತಾನಾಗಿ ಸೆರಗನ್ನು ಮಡಚುತ್ತಿತ್ತು, ಬಿಡಿಸುತ್ತಿತ್ತು, ಮತ್ತೆ ಮಡಚುತ್ತಿತ್ತು.

ಅದು ಕೆಲಸದ ಅಭ್ಯಾಸ. ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಹತ್ತನೆಯ ವಯಸ್ಸಿಗೆ ಮಂಗಳೂರಿನ ಒಂದು ಪ್ರೆಸ್ಸಿನ ಬೈಂಡಿಂಗ್ ಕೋಣೆಗೆ ಸೇರಿದೆ. ಮದುವೆಯಾದ ಮೇಲೂ ಹೋದೆ, ಹೆತ್ತ ಮೇಲೂ ಹೋದೆ. ಅಲ್ಲಿಗೆ ಅಚ್ಚಾದ ದೊಡ್ಡ ಹಾಳೆ ಬರುತ್ತದೆ, ಅದಕ್ಕೆ ಫಾರಂ ಎನ್ನುತ್ತಾರೆ. ಒಂದು ಫಾರಮ್ಮಿನಲ್ಲಿ ಹದಿನಾರು ಪುಟ, ಅರ್ಧ ನೇರ, ಅರ್ಧ ತಲೆಕೆಳಗು. ಅದನ್ನು ಮೂರು ಸಲ ಸರಿಯಾಗಿ ಮಡಚಿದರೆ ಪುಟಗಳು ಒಂದರ ಹಿಂದೊಂದು ಸಾಲಾಗಿ ಕೂರುತ್ತವೆ. ಆಮೇಲೆ ಫಾರಂಗಳನ್ನು ಜೋಡಿಸಿ ಬೆನ್ನಿಗೆ ಹೊಲಿಗೆ ಹಾಕಬೇಕು. ಮೈದಾ ಅಂಟಿಗೆ ಹುಳ ಬಾರದ ಹಾಗೆ ಮೈಲುತುತ್ತು ಬೆರೆಸಿ ಬಳಿಯಬೇಕು. ಕೊನೆಗೆ ಮಿಷನ್ನಿಗೆ ಕೊಟ್ಟು ಮೂರು ಅಂಚು ಕತ್ತರಿಸಬೇಕು. ಅಂಚು ಕತ್ತರಿಸದಿದ್ದರೆ ಮಡಿಕೆ ಹಾಗೇ ಉಳಿದು ಪುಟಗಳು ಲಕೋಟೆಯಂತೆ ಮುಚ್ಚಿಕೊಂಡಿರುತ್ತವೆ. ಅಂಥ ಪುಸ್ತಕವೊಂದು ಅಂಗಡಿಯಿಂದ ವಾಪಸ್ ಬಂತೆಂದರೆ ಮೇಸ್ತ್ರಿ ಅದನ್ನು ತಂದು ನಮ್ಮ ಮುಖದ ಮುಂದೆ ಹಿಡಿಯುತ್ತಿದ್ದ.

"ಇದನ್ನು ಓದುವುದು ಹೇಗೆ ಮಾರಾಯ್ತಿ, ಮೂಸಿಕೊಂಡಾ?"

ಮುಚ್ಚಿದ ಪುಟ ಕಂಡರೆ ನನಗೆ ಈಗಲೂ ಆ ಬೈಗುಳವೇ ಕೇಳುತ್ತದೆ. ಓದು ನನಗೆ ಅಷ್ಟಕ್ಕಷ್ಟೆ. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತೇನೆ, ಇಂಗ್ಲಿಷ್ ಇಲ್ಲವೇ ಇಲ್ಲ. ಆದರೆ ಪುಸ್ತಕ ಕೈಗೆ ಬಂದರೆ ಅದನ್ನು ಮಡಚಿದವಳಿಗೆ ಮನಸ್ಸಿತ್ತೋ, ಮನೆಗೆ ಓಡುವ ಅವಸರವಿತ್ತೋ ಹೇಳಬಲ್ಲೆ.

ಪೊವೇಯಲ್ಲಿ ಬೇರೆ ಗತಿಯಿಲ್ಲದೆ, ದಿನಾ ಅಂಚೆಯಲ್ಲಿ ಬಂದು ಬೀಳುವ ಜಾಹೀರಾತು ಕಾಗದಗಳನ್ನೇ ಮಡಚಿ, ಹೊಲಿದು, ಅಂಟು ಹಚ್ಚಿ ಪುಸ್ತಕ ಮಾಡುತ್ತಿದ್ದೆ. ಒಂದು ತಿಂಗಳಿಗೆ ಇಪ್ಪತ್ತು ಪುಸ್ತಕವಾಯಿತು. ಅಳಿಯ ಒಂದನ್ನು ಎತ್ತಿ ನೋಡಿದ.

"ಏನ್ರಿ ಅತ್ತಿ, ಪಿಜ್ಜಾದ ಮ್ಯಾಲೆ ಗ್ರಂಥಾನ ಬರದೀರಲ್ಲ!"

ಸಾಯಂಕಾಲ ತರಕಾರಿ ಹೆಚ್ಚುವಾಗ ಮಗಳು ತನ್ನ ಪುಸ್ತಕಗಳ ಕತೆ ಹೇಳುತ್ತಿದ್ದಳು. ಎಲ್ಲರಿಗೂ ಗೊತ್ತಿರುವುದು ಆಮೇಲೆ ಬಂದ ಪುಸ್ತಕಗಳಂತೆ. ಅವುಗಳಲ್ಲಿ ಪ್ರಾಣಿಗಳು ಮಾತಾಡುತ್ತವೆ, ಮಕ್ಕಳು ಮಾಯದ ದೇಶಕ್ಕೆ ಹೋಗಿ ಬರುತ್ತಾರೆ, ಓದಿದರೆ ನಗು ಬರುತ್ತದೆ. ಇವಳು ಹಿಡಿದುಕೊಂಡದ್ದು ಅದಕ್ಕೂ ಮೊದಲಿನವು. ಅವನ್ನು ಬರೆದವರಲ್ಲಿ ಹೆಂಗಸರೇ ಹೆಚ್ಚು. ಎಷ್ಟೋ ಪುಸ್ತಕಗಳಲ್ಲಿ ಹೆಸರೇ ಇಲ್ಲ, ಒಬ್ಬ ಹೆಂಗಸು ಬರೆದದ್ದು ಎಂದಷ್ಟೇ ಅಚ್ಚು ಮಾಡುತ್ತಿದ್ದರಂತೆ. ಆ ಕತೆಗಳಲ್ಲಿ ಮರ ಹತ್ತಿದ ಹುಡುಗನ ಕಾಲು ಮುರಿಯುತ್ತದೆ. ಸುಳ್ಳು ಹೇಳಿದವಳು ಜ್ವರ ಬಂದು ಸಾಯುತ್ತಾಳೆ. ಸುಳ್ಳು ಹೇಳದವಳೂ ಸಾಯುತ್ತಾಳೆ, ಆದರೆ ಅವಳು ಎಲ್ಲರನ್ನೂ ಕ್ಷಮಿಸಿ ಸಾಯುತ್ತಾಳೆ.

"ಕೆಟ್ಟ ಮಗುವೂ ಸಾಯ್ತದೆ, ಒಳ್ಳೆ ಮಗುವೂ ಸಾಯ್ತದೆ. ಬದುಕಿ ಉಳಿಯೂದು ಯಾರು ಮತ್ತೆ?" ಎಂದು ನಾನು ಕೇಳಿದೆ.

"ಬರೆದವಳು," ಎಂದಳು ಮಗಳು. "ಆ ಪುಸ್ತಕದಿಂದಲೇ ಅವಳ ಮನೆ ನಡೀತಿತ್ತು."

ಅವಳು ಹೆಚ್ಚು ಹೇಳುತ್ತಿದ್ದದ್ದು ಒಬ್ಬ ಪಾದ್ರಿಯ ಮಗಳ ವಿಷಯ. ಮದುವೆಯಾಗದ ಹೆಂಗಸು, ಅಡುಗೆಮನೆಯ ಮೇಜಿನ ಮೇಲೆ ಕೂತು ವರ್ಷಕ್ಕೆ ಎರಡು ಮೂರು ಸಣ್ಣ ಪುಸ್ತಕ ಬರೆಯುತ್ತಿದ್ದಳು. ಒಡಹುಟ್ಟಿದವರು ಏಳು ಜನ, ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ಮಣ್ಣಾದರು. ಅಂಥವಳು ಮಕ್ಕಳ ಪುಸ್ತಕ ಬರೆಯುವಾಗ ಸಾವು ಬಾರದೆ ಇನ್ನೇನು ಬರಬೇಕು? ಮಗಳು ಅದಕ್ಕೆ ಏನೇನೋ ದೊಡ್ಡ ಮಾತು ಹುಡುಕುತ್ತಿದ್ದಳು. ನನಗೆ ಅದರಲ್ಲಿ ಹುಡುಕುವಂಥದ್ದು ಕಾಣಲಿಲ್ಲ. ಚಿತ್ರಗಳಿಗೆ ಬಣ್ಣ ಹಚ್ಚುತ್ತಿದ್ದವರೂ ಮಕ್ಕಳೇ ಅಂತೆ. ಉದ್ದ ಮೇಜಿನ ಸುತ್ತ ಕೂರಿಸಿ ಒಬ್ಬನಿಗೆ ಕೆಂಪು, ಒಬ್ಬಳಿಗೆ ಹಳದಿ ಕೊಡುವುದು, ಹಾಳೆಯನ್ನು ಕೈಯಿಂದ ಕೈಗೆ ದಾಟಿಸುವುದು.

"ಮಧ್ಯಾಹ್ನ ಊಟಕ್ಕೆ ಬಿಡ್ತಿದ್ರಾ?" ಎಂದೆ.

"ಅದು ಯಾವ ಪುಸ್ತಕದಲ್ಲೂ ಇಲ್ಲ ಅಮ್ಮ," ಎಂದಳು.

ಈ ಪುಸ್ತಕಗಳೆಲ್ಲ ಇದ್ದದ್ದು ಲಾಸ್ ಏಂಜಲಿಸ್ ಕಡೆ, ಪ್ಯಾಸಡೀನಾದಲ್ಲಿ, ಒಬ್ಬ ಮುದುಕಿಯ ಮನೆಯಲ್ಲಿ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅಮೆರಿಕದವನನ್ನು ಮದುವೆಯಾಗಿ ಬಂದವಳು, ಗಂಡ ತೀರಿಹೋಗಿದ್ದ. ಹರೆಯದಲ್ಲೇ ಕೊಳ್ಳಲು ಶುರು ಮಾಡಿ ಮೂರು ಕೋಣೆ ತುಂಬ ಮಕ್ಕಳ ಪುಸ್ತಕ ಸೇರಿಸಿಟ್ಟಿದ್ದಳು. ಮಕ್ಕಳಿರಲಿಲ್ಲ. ಆ ವರ್ಷ ಜನವರಿಯ ಭೂಕಂಪದಲ್ಲಿ ಕಪಾಟುಗಳು ಅಲುಗಾಡಿ ಪುಸ್ತಕಗಳೆಲ್ಲ ನೆಲಕ್ಕೆ ಬಿದ್ದವು. ಅವನ್ನು ಎತ್ತಿಟ್ಟು ಒಂದೊಂದನ್ನೂ ನೋಡಿ ಪಟ್ಟಿ ಮಾಡಲು ಜನ ಬೇಕಾಗಿತ್ತು. ಮಗಳು ಆ ಕೆಲಸಕ್ಕೆ ಒಪ್ಪಿಕೊಂಡಳು. ಅದಕ್ಕೆ ಪ್ರತಿಯಾಗಿ ಮುದುಕಿ ಅವಳಿಗೆ ಎಲ್ಲವನ್ನೂ ಓದಲು ಬಿಟ್ಟಳು, ವಾರಕ್ಕೆ ನಾಲ್ಕು ಪುಸ್ತಕ ಮನೆಗೆ ಒಯ್ಯಲೂ ಬಿಟ್ಟಳು. ಪಟ್ಟಿ ಮುಗಿದ ಮೇಲೆ ಪುಸ್ತಕಗಳೆಲ್ಲ ಒಂದು ಲೈಬ್ರರಿಗೆ ಹೋಗಬೇಕಿತ್ತು. ಅಷ್ಟರೊಳಗೆ ಮಗಳು ಓದಿ ಮುಗಿಸಬೇಕು, ಮುಂದಿನ ವರ್ಷ ಥೀಸಿಸ್ ಕೊಡಬೇಕು. ಕೊಡದಿದ್ದರೆ ಯೂನಿವರ್ಸಿಟಿಯಲ್ಲಿ ಅವಳಿಗಿದ್ದ ಪಾಠ ಹೇಳುವ ಕೆಲಸವೂ ಇಲ್ಲ. ಹಾಗಾಗಿ ಆ ಮುದುಕಿಯ ಬಾಗಿಲು ಮುಚ್ಚಿತೆಂದರೆ ಮಗಳ ನಾಲ್ಕು ವರ್ಷ ನೀರಿಗೆ ಬಿದ್ದಂತೆ. ಇಷ್ಟು ನನಗೂ ಗೊತ್ತಿತ್ತು.

ಶನಿವಾರ ಮಗಳು ಹೊರಟರೆ ನಾನೂ ಹೊರಡುತ್ತಿದ್ದೆ. ಎರಡು ಗಂಟೆಯ ದಾರಿ. ಕಾರು ಓಡುತ್ತಿದ್ದರೆ ನನ್ನ ಕೈಕಾಲು ಸುಮ್ಮನಿರುತ್ತಿದ್ದವು. ಮುದುಕಿ ನನ್ನನ್ನು ಮೊದಲ ದಿನ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೈ ತೊಳೆದು ಬಾ ಎಂದು ಸನ್ನೆ ಮಾಡಿದಳು. ತೊಳೆದು ಬಂದೆ. ಆದರೂ ಪುಸ್ತಕ ಮುಟ್ಟಲು ಬಿಡಲಿಲ್ಲ. ಕುತ್ತಿಗೆಗೆ ಒಂದು ಭೂತಗನ್ನಡಿ ನೇತುಹಾಕಿಕೊಂಡಿದ್ದಳು, ಕಣ್ಣು ಮಂಜಾಗಿತ್ತು. ಹಾಲು ಹಾಕಿದ ಚಹಾ ಕೊಡುತ್ತಿದ್ದಳು, ಸಕ್ಕರೆ ಕಮ್ಮಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದ್ದರಿಂದ ಜಗಳಕ್ಕೆ ಕಾರಣವಿರಲಿಲ್ಲ.

ಅಕ್ಟೋಬರಿನ ಒಂದು ಬುಧವಾರ. ಮಗಳು ಯೂನಿವರ್ಸಿಟಿಗೆ ಹೋಗಿದ್ದಳು. ಆ ವಾರದ ನಾಲ್ಕು ಪುಸ್ತಕಗಳು ಊಟದ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿಕೊಂಡು ಕೂತಿದ್ದವು. ಮೊಮ್ಮಗಳು ಶಾಲೆಯಿಂದ ಬಂದವಳು ಅವುಗಳಲ್ಲಿ ಒಂದನ್ನು ಎತ್ತಿ, ಮುಚ್ಚಿದ ಪುಟಗಳನ್ನು ಕೊಳವೆಯಂತೆ ಉಬ್ಬಿಸಿ ಒಂದು ಕಣ್ಣಿನಿಂದ ಒಳಗೆ ನೋಡುತ್ತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೈ ಮುಖ ಆಡಿಸಿ ಹೇಳುವುದರಿಂದ ಅವಳ ಇಂಗ್ಲಿಷ್ ಒಂದು ನನಗೆ ಹೇಗೋ ಅರ್ಥವಾಗುತ್ತದೆ.

"ಎಂತ ನೋಡೂದು?"

"ಅಜ್ಜಿ, ದೇರ್ ಈಸ್ ಎ ಗರ್ಲ್ ಇನ್ ದೇರ್!"

ನಾನೂ ನೋಡಿದೆ. ಒಳಗೆ ಕತ್ತಲು, ಕತ್ತಲಿನಲ್ಲಿ ಹಳದಿ ಲಂಗದ ಒಂದು ಅಂಚು. ಅಂಗೈ ಅಗಲದ ಕೆಂಪು ಪುಸ್ತಕ. ಮೊದಲಿನ ಪುಟಗಳೆಲ್ಲ ಬಿಡಿಸಿದ್ದವು, ಕೊನೆಯ ಎರಡು ಫಾರಂ ಮಡಿಕೆಯಲ್ಲೇ ಮುಚ್ಚಿಕೊಂಡಿದ್ದವು. ನೂರೈವತ್ತು ವರ್ಷದಿಂದ ಯಾರೋ ಒಬ್ಬಳ ಸೋಮಾರಿತನ ಹಾಗೇ ಕೂತಿದೆ ಎನಿಸಿತು. ಅಡುಗೆಮನೆಗೆ ಹೋಗಿ ಬೆಣ್ಣೆ ಚೂರಿ ತಂದೆ. ಇದಕ್ಕೆ ಹರಿತದ ಚೂರಿ ಆಗುವುದಿಲ್ಲ, ದಾರಿ ತಪ್ಪುತ್ತದೆ, ಮೊಂಡು ಚೂರಿಯೇ ಬೇಕು. ಮಡಿಕೆಯ ಮೇಲೆ ಮೊದಲು ಉಗುರಿನಿಂದ ಗೀರಿ, ಚೂರಿ ತೂರಿಸಿ, ನನ್ನ ಕಡೆಗೆ ಎಳೆದೆ. ಒಂದು ನೂಲು ಆಚೀಚೆ ಆಗಲಿಲ್ಲ. ಆರು ತಿಂಗಳಿನಲ್ಲಿ ಅದೇ ಮೊದಲ ಸಲ ನನ್ನ ಕೈಗೆ ಹಿತವಾದದ್ದು. ಎರಡೂ ಫಾರಂ ಮುಗಿಸಿಯೇ ಎದ್ದೆ.

ಮೊಮ್ಮಗಳು ಹೊಟ್ಟೆಯ ಮೇಲೆ ಮಲಗಿ ಓದಿದಳು. ಒಬ್ಬ ಹುಡುಗಿಯ ಕತೆ.

"ಎಂತ ಮಾಡ್ತಾಳೆ ಅವಳು?"

"ಶಿ ವೋಂಟ್ ಸಿಟ್ ಸ್ಟಿಲ್, ಅಜ್ಜಿ. ಲೈಕ್ ಯೂ."

ಹೊಲಿಗೆ ಬಿಟ್ಟು ಓಡುವವಳು, ಒಂದು ಕಡೆ ಕೂರದವಳು. ಮಳೆಯಲ್ಲಿ ನೆನೆದಳು, ಜ್ವರ ಬಂತು. ಮೊಮ್ಮಗಳು ಪುಟ ಮಗುಚಿದಳು, ಇನ್ನೊಂದು ಮಗುಚಿದಳು, ಎದ್ದು ಕೂತಳು. "ಶಿ ಡೈಡ್? ದಟ್ಸ್ ಇಟ್?" ಎಂದು ನನ್ನನ್ನೇ ಬೈಯುವ ಹಾಗೆ ಕೇಳಿದಳು. ಪುಸ್ತಕವನ್ನು ಬಟ್ಟೆಯ ಮೇಲಿಟ್ಟು ಸೈಕಲ್ ಹೊಡೆಯಲು ಹೋದಳು.

ಐದು ಗಂಟೆಗೆ ಮಗಳು ಬಂದಳು. ಚೀಲ ಕೂಡ ಇಳಿಸಿರಲಿಲ್ಲ, ಪುಸ್ತಕ ಎತ್ತಿದಳು.

"ಯಾರು ಮಾಡಿದ್ದು ಇದು?"

"ನಾನು."

"ಎಂತಕೆ?"

"ಮುಚ್ಚಿತ್ತು."

ಅವಳು ನೆಲದ ಮೇಲೆ ಕೂತುಬಿಟ್ಟಳು. ಅವಳು ಸಣ್ಣವಳಿದ್ದಾಗಲೂ ಹಾಗೆ, ಅಳು ಬಂದರೆ ಮೊದಲು ಕೂರುತ್ತಾಳೆ. ಆಮೇಲೆ ಹೇಳಿದಳು. ಪುಸ್ತಕದ ಮೊದಲ ಹಾಳೆಯಲ್ಲಿ ಶಾಯಿಯಲ್ಲಿ ಬರೆದಿತ್ತಂತೆ, ಒಬ್ಬ ಸೋದರತ್ತೆ ತನ್ನ ಅಣ್ಣನ ಪುಟ್ಟ ಮಗಳಿಗೆ ಹುಟ್ಟುಹಬ್ಬಕ್ಕೆ ಕೊಟ್ಟದ್ದು ಎಂದು. ಆ ಕಾಲದಲ್ಲಿ ಎಷ್ಟೋ ಪುಸ್ತಕಗಳ ಅಂಚು ಕತ್ತರಿಸದೆ ಮಾರುತ್ತಿದ್ದರು, ಓದುವವರೇ ಬಿಡಿಸಿಕೊಂಡು ಓದಬೇಕು. ಆ ಹುಡುಗಿ ಅಷ್ಟರವರೆಗೆ ಬಿಡಿಸಿ ನಿಲ್ಲಿಸಿದ್ದಳು. ಏಕೆ ನಿಲ್ಲಿಸಿದಳು? ಬೇಸರವೋ, ಹೆದರಿಕೆಯೋ, ಅವಳೇ ಸತ್ತಳೋ? ಮುದುಕಿ ಐವತ್ತು ವರ್ಷದಿಂದ ಅದನ್ನೇ ಯೋಚಿಸುತ್ತಾ ಪುಸ್ತಕವನ್ನು ಹಾಗೇ ಮುಚ್ಚಿ ಇಟ್ಟುಕೊಂಡಿದ್ದಳು. ಮಗಳು ಥೀಸಿಸ್ಸಿನಲ್ಲಿ ಒಂದು ಅಧ್ಯಾಯವನ್ನೇ ಅದರ ಮೇಲೆ ಬರೆಯಲು ಹೊರಟಿದ್ದಳು. ದೊಡ್ಡವರು ಕೊಟ್ಟ ಪುಸ್ತಕವನ್ನು ಮಕ್ಕಳು ನಿಜವಾಗಿ ಓದಿದರೋ ಇಲ್ಲವೋ ಎನ್ನುವುದಕ್ಕೆ ಅವಳ ಹತ್ತಿರ ಇದ್ದ ಸಾಕ್ಷಿ ಆ ಮುಚ್ಚಿದ ಎರಡು ಫಾರಂ.

"ನನಗೆ ಮೊದಲೇ ಹೇಳಬಾರದಿತ್ತಾ?" ಎಂದೆ.

"ಮೇಜಿನ ಮೇಲಿರುವ ಪುಸ್ತಕ ಕತ್ತರಿಸಬೇಡ ಅಂತ ಯಾರಾದ್ರೂ ಮೊದಲೇ ಹೇಳ್ತಾರಾ ಅಮ್ಮ?"

ಅಳಿಯ ಬಂದ, ವಿಷಯ ತಿಳಿದ, ತಲೆ ಕೆರೆದುಕೊಂಡ.

"ಅತ್ತಿಗೆ ಅಂಟು ಹಚ್ಚಾಕ ಬರತೈತಲ್ಲ. ಮತ್ತ ಅಂಟಿಸಿಬಿಡ್ರಿ. ಆ ಮುದುಕಿಗೆ ಕಣ್ಣ ಕಾಣಂಗಿಲ್ಲ ಅಂತೀರಿ."

"ನೀವು ಸುಮ್ನಿರಿ," ಎಂದಳು ಮಗಳು. ಆದರೆ ನನ್ನ ಮುಖ ನೋಡಿದಳು.

ಮರುದಿನ ನಾನು ಪರೀಕ್ಷೆ ಮಾಡಿದೆ. ಒಂದು ಜಾಹೀರಾತು ಕಾಗದ ಮಡಚಿ, ಬಿಡಿಸಿ, ತೆಳ್ಳಗಿನ ಅಂಟಿನಲ್ಲಿ ಕೂದಲೆಳೆಯಷ್ಟು ತಾಗಿಸಿ ಮತ್ತೆ ಜೋಡಿಸಿದೆ. ಒಣಗಿದ ಮೇಲೆ ನೋಡಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಕಣ್ಣು ಮುಚ್ಚಿ ಬೆರಳು ಆಡಿಸಿದೆ. ಬೆರಳಿಗೆ ಕೂಡಲೇ ತಿಳಿಯಿತು. ಕಾಗದ ಸುಡಲು ಸೌದೆ ಒಲೆಯೂ ಇಲ್ಲದ ಮನೆ, ಹರಿದು ಕಸಕ್ಕೆ ಹಾಕಿದೆ.

ಶನಿವಾರದ ಹೊತ್ತಿಗೆ ಮಗಳು ನಿರ್ಧಾರ ಮಾಡಿಕೊಂಡಿದ್ದಳು. ಫ್ರೀವೇ ಹತ್ತಿದ ಮೇಲೆ ಹೇಳಿದಳು.

"ನಾನು ಎಂತದೂ ಹೇಳೂದಿಲ್ಲ. ಪುಸ್ತಕವನ್ನು ಕಪಾಟಿನಲ್ಲಿ ಇಡ್ತೇನೆ, ಪಟ್ಟಿಯಲ್ಲಿ 'ಪುಟಗಳು ಬಿಡಿಸಿವೆ' ಅಂತಷ್ಟೇ ಬರೀತೇನೆ, ಮೊದಲಿನಿಂದಲೂ ಹಾಗೇ ಇದ್ದ ಹಾಗೆ. ಪಟ್ಟಿ ಮಾಡೂದು ನಾನೇ. ಅವರು ಇನ್ನು ಅದನ್ನು ತೆಗೆದು ನೋಡೂದು ಎಲ್ಲಿಂದ?"

"ಅಧ್ಯಾಯ?"

"ಬಿಟ್ಟೆ. ಬೇರೆ ಬರೀತೇನೆ."

"ಅವಳಿಗೆ ಕಣ್ಣು ಕಾಣೂದಿಲ್ಲ, ಸರಿ. ಬೆರಳು ಹೋಗಿಲ್ಲ."

"ಅಮ್ಮ, ನೀನು ಬಾಯಿ ಬಿಡಬಾರದು."

"ನಂಗೆ ಇಂಗ್ಲಿಷೇ ಬರೂದಿಲ್ಲ. ಎಂತ ಬಾಯಿ ಬಿಡೂದು?"

ಕಾರು ಓಡುತ್ತಿದ್ದರೂ ಆ ದಿನ ನನ್ನ ಕೈ ಸೆರಗು ಬಿಡಲಿಲ್ಲ.

ಮುದುಕಿ ಬಾಗಿಲು ತೆಗೆದು ಒಳಗೆ ಕರೆದಳು. ಮಗಳು ಸೀದಾ ಹೋಗಿ ನಾಲ್ಕು ಪುಸ್ತಕಗಳನ್ನೂ ಅವುಗಳ ಜಾಗದಲ್ಲಿಟ್ಟಳು. ಕೆಂಪು ಪುಸ್ತಕ ಕಿಟಕಿಯ ಪಕ್ಕದ ಕಪಾಟು, ಮೇಲಿನಿಂದ ಎರಡನೆಯ ಸಾಲು. ಚಹಾ ಬಂತು. ನಾನು ಕೂತೆ, ಎದ್ದೆ. ಕಿಟಕಿಗೆ ಹೋದೆ, ಬಂದೆ. ಮತ್ತೆ ಕೂತೆ. ಮುದುಕಿ ಮಗಳಿಗೆ ಏನೋ ಹೇಳಿದಳು.

"ನಿಂಗೆ ಬಾತ್‌ರೂಮಿಗೆ ಹೋಗಬೇಕಾ ಅಂತ ಕೇಳ್ತಿದ್ದಾರೆ," ಎಂದಳು ಮಗಳು, ಹಲ್ಲು ಕಚ್ಚಿ.

ಮಗಳು ನನಗೆ ಬೆನ್ನು ಹಾಕಿ ಕೂತು ಪಟ್ಟಿ ಬರೆಯುತ್ತಿದ್ದಳು. ಅವಳ ಪೆನ್ನು ಆ ಪುಸ್ತಕದ ಸಾಲಿಗೆ ಬಂದು ನಿಂತದ್ದು ನನಗೆ ಗೊತ್ತಾಯಿತು, ಏಕೆಂದರೆ ಅವಳು ಉಸಿರು ಹಿಡಿದಳು. ನನಗೆ ಇಂಗ್ಲಿಷ್ ಓದಲು ಬಾರದಿದ್ದರೂ ಅವಳ ಬೆನ್ನು ಓದಲು ಬರುತ್ತದೆ. ಒಳ್ಳೆಯತನ ಉಕ್ಕಿ ಬಂದು ನಾನು ಎದ್ದೆನೆಂದು ಯಾರೂ ತಿಳಿಯಬಾರದು. ಪ್ರೆಸ್ಸಿನಲ್ಲಿ ನಾನೂ ಎಷ್ಟೋ ತಪ್ಪು ಮುಚ್ಚಿಟ್ಟಿದ್ದೇನೆ. ಆದರೆ ಅವು ನನ್ನ ತಪ್ಪುಗಳು, ನಾನೇ ಮುಚ್ಚಿಟ್ಟದ್ದು. ಇಲ್ಲಿ ಕತ್ತರಿಸಿದವಳು ನಾನು, ಸುಳ್ಳು ಬರೆಯುವವಳು ಅವಳು. ಅದು ನನ್ನಿಂದ ನೋಡಲಾಗಲಿಲ್ಲ. ಕೂರಲೂ ಆಗಲಿಲ್ಲ.

ಕಪಾಟಿಗೆ ಹೋಗಿ ಪುಸ್ತಕ ತೆಗೆದು ಮುದುಕಿಯ ಮುಂದಿಟ್ಟೆ. ಕೊನೆಯ ಪುಟಗಳನ್ನು ತೆರೆದೆ. ಕೈಯಲ್ಲಿ ಚೂರಿ ಹಿಡಿದಂತೆ ಮಾಡಿ, ಎಳೆದು ತೋರಿಸಿ, ನನ್ನ ಎದೆಯನ್ನು ತೋರಿಸಿದೆ.

"ನಾನು," ಎಂದೆ. "ಇವಳಲ್ಲ. ನಾನು."

ಮಗಳ ಪೆನ್ನು ಮೇಜಿನ ಮೇಲೆ ಬಿತ್ತು. ಮುದುಕಿಗೆ ಯಾರೂ ಅನುವಾದ ಮಾಡಬೇಕಾಗಲಿಲ್ಲ. ಅವಳು ಭೂತಗನ್ನಡಿ ಎತ್ತಲಿಲ್ಲ. ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿದಳು, ನಿಧಾನವಾಗಿ, ಕೆಳಗಿನಿಂದ ಮೇಲಕ್ಕೆ. ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು. ಮಗಳನ್ನು ಒಂದು ಮಾತು ಕೇಳಿದಳು. ಮಗಳು ಬಿದ್ದ ಪೆನ್ನನ್ನು ಎತ್ತಿಕೊಂಡಳು.

"ಎಂತ ಕೇಳಿದ್ದು?" ಎಂದೆ.

"ನೀನು ಹೇಳದಿದ್ರೆ ನಾನು ಹೇಳ್ತಿದ್ದೆನಾ ಅಂತ."

"ಹೇಳು ಮತ್ತೆ."

ಮಗಳು ನನ್ನನ್ನು ನೋಡಿದಳು. ಆ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಸುಟ್ಟುಹೋಗುತ್ತಿದ್ದರು. 'ನೋ' ಎಂದಳು. ಒಂದೇ ಶಬ್ದ, ಅದು ನನಗೂ ಅರ್ಥವಾಯಿತು. ಮುದುಕಿ ತಲೆಯಾಡಿಸಿದಳು. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಕೆಲಸ ಮುಗಿಯಿತು, ಇನ್ನು ಹೋಗಿ ಎನ್ನುವ ಹಾಗೆ ಕಂಡಿತು. ಮಗಳು ಕಾಗದಗಳನ್ನು ಚೀಲಕ್ಕೆ ತುಂಬಲು ಶುರು ಮಾಡಿದಳು.

"ನಿಲ್ಲು," ಎಂದೆ. "ಅವಳಿಗೆ ಹೇಳು, ಆ ಹುಡುಗಿ ಎಲ್ಲಿ ನಿಲ್ಲಿಸಿದ್ದು ಅಂತ ಈಗಲೂ ಕಾಣ್ತದೆ."

"ಸಾಕು ಅಮ್ಮ."

"ಹೇಳು ಅಂದೆ."

ಅವಳು ಹೇಳಿದಳೋ, ಮುದುಕಿಯೇ ನನ್ನ ಬೆರಳು ನೋಡಿ ತಿಳಿದುಕೊಂಡಳೋ, ಅಂತೂ ಪುಸ್ತಕ ಮಡಿಲಿನಿಂದ ಮೇಜಿಗೆ ಬಂತು. ನಾನು ಅದನ್ನು ಮುಚ್ಚಿದಂತೆಯೇ ಹಿಡಿದು ಅಂಚನ್ನು ಬೆಳಕಿಗೆ ತಿರುಗಿಸಿದೆ. ಪುಸ್ತಕವನ್ನು ತೆರೆದು ನೋಡುವವರಿಗೆ ಅಂಚು ಕಾಣುವುದಿಲ್ಲ. ನಾನು ಕತ್ತರಿಸಿದ ಅಂಚು ಬಿಳಿ, ಹಳೆಯದು ಚಹಾದ ಬಣ್ಣ. ಇನ್ನು ನೂರು ವರ್ಷವಾದರೂ ಎರಡೂ ಒಂದಾಗುವುದಿಲ್ಲ. ಮೊದಲ ಎರಡು ಫಾರಂ ಚೂರಿಯಿಂದ ಬಿಡಿಸಿದ್ದು, ನೇರವಾಗಿದೆ. ಅದು ದೊಡ್ಡವರ ಕೈ, ಪುಸ್ತಕ ಕೊಟ್ಟ ಅತ್ತೆಯೇ ಇರಬೇಕು. ಮೂರನೆಯದರಿಂದ ಅಂಚು ಹಲ್ಲು ಹಲ್ಲಾಗಿದೆ. ಅದು ಬೆರಳು, ಸಣ್ಣ ಬೆರಳು, ಚೂರಿ ಕೈಗೆ ಕೊಡದ ವಯಸ್ಸಿನದು. ಹುಡುಗಿ ತಾನೇ ಬಿಡಿಸಿಕೊಂಡು ಓದಿದ್ದಾಳೆ. ಓದುತ್ತ ಓದುತ್ತ ಅವಸರ ಹೆಚ್ಚಾಗಿದೆ, ಹಲ್ಲು ದೊಡ್ಡದಾಗುತ್ತ ಹೋಗಿದೆ. ನಾನು ಬಿಡಿಸಿದ ಎರಡು ಫಾರಂಗಳಲ್ಲಿ ಎರಡನೆಯದಕ್ಕೆ, ತೀರ ಕೊನೆಯದಕ್ಕೆ, ನಾನು ಚೂರಿ ಹಾಕುವ ಮೊದಲೇ ಮೇಲ್ಗಡೆ ಒಂದು ಅಂಗುಲ ಹರಿದಿತ್ತು. ಹಳೆಯ ಹರಕು, ಅದೇ ಚಹಾದ ಬಣ್ಣ. ಬುಧವಾರ ನನ್ನ ಚೂರಿ ಅಲ್ಲಿ ಬಂದಾಗ ತಡೆಯಿಲ್ಲದೆ ಜಾರಿತ್ತು, ಅದಕ್ಕೇ ನೆನಪಿತ್ತು.

"ಇದು ಓದಲಿಕ್ಕೆ ಬಿಡಿಸಿದ್ದಲ್ಲ," ಎಂದೆ. "ಇಣುಕಲಿಕ್ಕೆ. ನಡುವಿನದನ್ನು ಬಿಟ್ಟು ಕೊನೆಯಲ್ಲಿ ಎಂತ ಆಗ್ತದೆ ಅಂತ ಇಣುಕಿದ್ದಾಳೆ. ಆಮೇಲೆ ಮುಂದೆ ಬಿಡಿಸಲಿಲ್ಲ."

ಮಗಳು ಅರ್ಧ ಹೇಳಿ ನಿಲ್ಲಿಸಿದಳು. ಹರಕಿನ ಹತ್ತಿರ ತಲೆ ತಂದು ನೋಡಿದಳು. ಆಮೇಲೆ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು, ನಾನು ಹೇಳಿದ್ದಕ್ಕಿಂತ ಉದ್ದ. ಮುದುಕಿ ಈಗ ಭೂತಗನ್ನಡಿ ಎತ್ತಿದಳು. ಮಗಳು ಕೊನೆಯ ಪುಟ ತೆರೆದು, ಓದಿ ಹೇಳಲೇ ಎನ್ನುವಂತೆ ಕೇಳಿದಾಗ ಮಾತ್ರ ಕೈ ಅಡ್ಡ ಹಿಡಿದಳು. ಬೇಡ, ತನಗೆ ಗೊತ್ತಾಗುವುದು ಬೇಡ.

ಮುದುಕಿಯ ಸಿಟ್ಟು ಇಳಿಯಿತೆಂದು ನಾನು ಹೇಳುವುದಿಲ್ಲ. ಇಳಿಯಲಿಲ್ಲ. ಹೊರಡುವಾಗ ಮೂರು ಮಾತು ಹೇಳಿದಳು, ಮಗಳು ಬಾಗಿಲಿನಲ್ಲಿ ನಿಂತು ನನಗೆ ತಿಳಿಸಿದಳು. ಕೊನೆಯ ಎರಡು ಭಾಗವನ್ನು ಈ ವರ್ಷ, ಈ ತಿಂಗಳು ಕತ್ತರಿಸಿದ್ದೆಂದು ಪಟ್ಟಿಯಲ್ಲಿ ಮಗಳೇ ತನ್ನ ಕೈಯಿಂದ ಬರೆಯಬೇಕು. ಇನ್ನು ಒಂದು ಪುಸ್ತಕವೂ ಈ ಮನೆಯಿಂದ ಹೊರಗೆ ಹೋಗುವುದಿಲ್ಲ, ಓದುವುದಿದ್ದರೆ ಇಲ್ಲೇ ಬಂದು ಕೂತು ಓದಬೇಕು.

"ಮೂರನೆಯದು?"

"ನೀನೂ ಬರಬೇಕಂತೆ. ನೀನು ಎಲ್ಲಿದ್ದೀ ಅಂತ ಅವರ ಕಣ್ಣಿಗೆ ಕಾಣ್ತಾ ಇರಬೇಕಂತೆ."

ಮಗಳು ಕಾರನ್ನು ಫ್ರೀವೇಗೆ ಹತ್ತಿಸಿದಳು.

"ಇನ್ನು ಶನಿವಾರ ಒಂದೇ ಸಾಕಾಗೂದಿಲ್ಲ. ಭಾನುವಾರವೂ ಬರಬೇಕು," ಎಂದಳು.

"ಬರುವ."

"ಮಗುವನ್ನು ಯಾರು ನೋಡೂದು?"

"ಅದರ ಅಪ್ಪ."

"ಅವರಿಗೆ ಅನ್ನ ಇಡ್ಲಿಕ್ಕೂ ಬರೂದಿಲ್ಲ."

"ಇಂಜಿನಿಯರ್ ಅಲ್ವಾ? ಕಲೀಲಿ."

ಅವಳಿಗೆ ನಗು ಬಂದಿರಬೇಕು, ತೋರಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸಿಗ್ನಲ್ ಹಾಕಿ ಫ್ರೀವೇ ಇಳಿದು ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಳು. ಪೆಟ್ರೋಲ್ ಹಾಕಲು ಇಳಿಯಲಿಲ್ಲ. ಹಿಂದಿನ ಸೀಟಿನಿಂದ ಚೀಲ ಎಳೆದು ನೋಟ್‌ಬುಕ್ ತೆಗೆದಳು.

"ಮೊದಲ ಎರಡು ಫಾರಂ ಚೂರಿ. ಮೂರನೆಯದರಿಂದ ಬೆರಳು. ಬೆರಳು ಅಂತ ಹೇಗೆ ಹೇಳ್ತೀ? ಕೂದಲ ಪಿನ್ನು ಇರಬಾರದಾ?"

"ಪಿನ್ನಾದರೆ ಹಲ್ಲು ಸಣ್ಣ, ಒಂದೇ ಸಮ. ಬೆರಳಾದರೆ ಮಡಿಕೆ ಬಿಟ್ಟು ಆಚೆಗೂ ಹರೀತದೆ."

"ನಿಧಾನ ಹೇಳು. ಅಧ್ಯಾಯಕ್ಕೆ ಬರ್ಕೊಳ್ಬೇಕು."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅವಳು ತಿರುಗಿಯೂ ನೋಡಲಿಲ್ಲ. ನಾನು ಮೊದಲಿನಿಂದ ಹೇಳಿದೆ, ಅವಳು ಬರೆದುಕೊಂಡಳು.